ಡಿ ವಿಭಾಗದ 600 ರೂಪಾಯಿ: ಒಂದು ಬಿ.ಕಾಂ. ಕ್ಲಾಸಿನ ಗುಂಪು ಕಲಿಕೆಯ ಪ್ರಕರಣ

ಮೊದ್ಲೇ ಹೇಳಿಬಿಡ್ತೇನೆ, ಇದು ಉಡುಪಿ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಡೆದದ್ದು, ಯಾವ ಕಾಲೇಜು ಯಾವ ವರ್ಷ ಅಂತ ಕೇಳ್ಬೇಡಿ, ಮಕ್ಕಳ ಹೆಸರೂ ಇಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಆಚೀಚೆ ಮಾಡಿದ್ದೇನೆ. ಲೆಕ್ಕ ಮಾತ್ರ ಇದ್ದ ಹಾಗೇ ಉಂಟು, ಯಾಕಂದ್ರೆ ಇಡೀ ಕಥೆ ನಿಂತಿರೂದೇ ಆ ಲೆಕ್ಕದ ಮೇಲೆ.

ಹಿನ್ನೆಲೆ

ನಾನು ಅಲ್ಲಿ ಗೆಸ್ಟ್ ಲೆಕ್ಚರರ್, ಬಿ.ಕಾಂ. ಎರಡನೇ ವರ್ಷಕ್ಕೆ ಕಾಸ್ಟ್ ಅಕೌಂಟಿಂಗ್. ಕ್ಲಾಸಲ್ಲಿ 48 ಮಕ್ಕಳು. ಕ್ಲಾಸ್ ಅಂದ್ರೆ ಅದೊಂದು ಬಸ್ ಸ್ಟ್ಯಾಂಡಿನ ಹಾಗೆ, ಬೆಂಚುಗಳೆಲ್ಲ ರೂಟ್ ಪ್ರಕಾರ. ಕುಂದಾಪುರ ಬಸ್ಸಿನವರು ಕಿಟಕಿ ಬದಿ, ಕಾರ್ಕಳ ಹೆಬ್ರಿಯವರು ನಡುವೆ, ಕಾಪು ಪಡುಬಿದ್ರಿ ಕಡೆಯವರು ಬಾಗಿಲ ಹತ್ರ, ಹಾಸ್ಟೆಲಿನವರು ಹಿಂದೆ. ಒಟ್ಟಿಗೆ ಬಂದವರು ಒಟ್ಟಿಗೆ ಕೂತ್ಕೊಳ್ತಾರೆ, ಒಟ್ಟಿಗೆ ಹೋಗ್ತಾರೆ, ಒಂದೂವರೆ ವರ್ಷ ಒಂದೇ ರೂಮಲ್ಲಿ ಕೂತ್ರೂ ಕಿಟಕಿ ಬದಿಯವರಿಗೆ ಬಾಗಿಲ ಹತ್ರದವರ ಹೆಸರು ಸರಿಯಾಗಿ ಗೊತ್ತಿರ್ಲಿಲ್ಲ. ಅಲ್ಲಿ ಇಲ್ಲಿ ಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ. ಪುಸ್ತಕ ಮತ್ತು ಪರೀಕ್ಷೆ ಮಾತ್ರ ಇಂಗ್ಲಿಷ್. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತನೇ ವರೆಗೆ ಕನ್ನಡ ಮೀಡಿಯಂ.

ಗುಂಪು ಕಲಿಕೆ ಅಂತ ಶುರು ಮಾಡಿದ್ದು ನನ್ನ ಆದರ್ಶದಿಂದ ಅಂತ ಹೇಳಿದ್ರೆ ಸುಳ್ಳಾಗ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬರ್ಲಿಕ್ಕೆ ಉಂಟು ಅಂತ ಆಯ್ತು, ಅವರ ಎರಡನೇ ಕ್ರೈಟೀರಿಯದಲ್ಲಿ ವಿದ್ಯಾರ್ಥಿ ಕೇಂದ್ರಿತ ವಿಧಾನ ಎಂತ ಮಾಡಿದ್ದೀರಿ ಅಂತ ತೋರಿಸ್ಬೇಕು, ಎಚ್ಓಡಿ ಮೇಡಂ ಎಲ್ಲರಿಗೂ ಒಂದೊಂದು ಆಕ್ಟಿವಿಟಿ ಮಾಡಿ ಅಂದ್ರು. ನಾನು ಗ್ರೂಪ್ ಪ್ರಾಜೆಕ್ಟ್ ಅಂದೆ, ಸುಲಭ ಅಲ್ವಾ, 48 ಪುಸ್ತಕ ತಿದ್ದುವ ಬದ್ಲು 8 ಪಿಪಿಟಿ ನೋಡಿದ್ರೆ ಆಯ್ತು.

ಮೊದಲ ಸಲ ಮಾಡಿದ್ದು

ನೀವೇ ಆರಾರು ಜನ ಸೇರಿ ಗುಂಪು ಮಾಡ್ಕೊಳ್ಳಿ, ಹತ್ರದ ಒಂದು ಘಟಕ ನೋಡಿ, ಗೇರುಬೀಜ ಕಾರ್ಖಾನೆಯೋ ಬೇಕರಿಯೋ ಮಲ್ಪೆಯ ಐಸ್ ಪ್ಲಾಂಟೋ, ಅದರ ಕಾಸ್ಟ್ ಶೀಟ್, ಅಂದ್ರೆ ವಸ್ತು ತಯಾರಿಸ್ಲಿಕ್ಕೆ ಎಂತೆಂತ ಖರ್ಚು ಅನ್ನುವ ಪಟ್ಟಿ, ಮಾಡಿ ಬಂದು ತೋರಿಸಿ ಅಂತ ಹೇಳಿದೆ. ಇಂಟರ್ನಲ್ಸಿನ 10 ಮಾರ್ಕ್, ಗುಂಪಿಗೆ ಎಷ್ಟು ಬಂತೋ ಎಲ್ಲರಿಗೂ ಅಷ್ಟೇ. ಮೂರು ವಾರ ಟೈಮ್.

ಗುಂಪುಗಳು ಅದೇ ಬೆಂಚಿನ ಪ್ರಕಾರ ಆದವು. ಮೂರು ವಾರ ಕಳೆದು ಬಂದದ್ದು ಎಂತ ಅಂದ್ರೆ, ಐಸ್ ಪ್ಲಾಂಟಿನ ಕಾಸ್ಟ್ ಶೀಟಲ್ಲಿ ಕರೆಂಟ್ ಬಿಲ್ಲೇ ಇಲ್ಲ! ನೀರು ಉಂಟು, ಉಪ್ಪು ಉಂಟು, ಲೋಡಿಂಗ್ ಮಾಡುವವರ ಕೂಲಿ ಉಂಟು, ಕರೆಂಟ್ ಇಲ್ಲ. ಐಸ್ ಪ್ಲಾಂಟಿನ ಒಳಗೆ ಒಬ್ಬರೂ ಕಾಲಿಟ್ಟಿಲ್ಲ ಅಂತ ಅಲ್ಲಿಗೆ ಗೊತ್ತಾಯ್ತು. ಇನ್ನೆರಡು ಗುಂಪಿನ ಗೇರುಬೀಜ ಕಾರ್ಖಾನೆ ಒಂದೇ, ಅಂಕೆ ಕೂಡ ಒಂದೇ, ಸ್ಲೈಡಿನ ಬಣ್ಣ ಮಾತ್ರ ಬೇರೆ. ಒಂದೇ ಒಂದು ಪಿಪಿಟಿ ನಿಜವಾಗ್ಲೂ ಚಂದ ಇತ್ತು, ಅದು ಟಾಪರ್ ಹುಡುಗಿಯ ಗುಂಪಿನದ್ದು. ಮರುದಿನ ಅವಳ ಅಮ್ಮ ಫೋನ್ ಮಾಡಿದ್ರು. ಸಿಟ್ಟಲ್ಲಿ ಅಲ್ಲ, ಬೇಜಾರಲ್ಲಿ. "ಸರ್, ನನ್ ಮಗಳು ರಾತ್ರಿ ಎರಡು ಗಂಟೆ ವರೆಗೆ ಒಬ್ಳೇ ಕೂತು ಮಾಡಿದ್ದು, ಉಳಿದ ಐದು ಜನಕ್ಕೂ ಅಷ್ಟೇ ಮಾರ್ಕಾ?" ನಾನು ಎಂತ ಹೇಳ್ಬೇಕು? ಹೌದು ಅಂತ ಹೇಳಿದೆ.

ಫೈಲಿಗೆ ಬೇಕಲ್ಲ ಅಂತ ಗೂಗಲ್ ಫಾರ್ಮಲ್ಲಿ ಫೀಡ್‌ಬ್ಯಾಕ್ ತಗೊಂಡೆ. ಎಲ್ಲ 4 ಮತ್ತು 5. "ವೆರಿ ಯೂಸ್‌ಫುಲ್". ಕ್ಲಾಸಲ್ಲಿ ಕೇಳಿದ್ರೂ "ಒಳ್ಳೇದಾಯ್ತು ಸರ್" ಅಂತ ಒಂದೇ ಸ್ವರ. ಇಂಟರ್ನಲ್ಸ್ ನನ್ನ ಕೈಲಿ ಇರುವಾಗ ಬೇರೆ ಎಂತ ಹೇಳ್ತಾರೆ. ಹಾಗಾಗಿ ಮಾರ್ಕ್ ಹಾಕಿ ಸಹಿ ಮಾಡಿ ಆದ ಮೇಲೆ ಒಂದು ದಿನ ಚೀಟಿ ಕೊಟ್ಟೆ, ಹೆಸರು ಬೇಡ, ಕನ್ನಡದಲ್ಲೇ ಬರೀರಿ, ಬೈದ್ರೂ ಅಡ್ಡಿಲ್ಲ ಅಂತ.

ಆ ಚೀಟಿಗಳು ನನ್ನ ಹತ್ರ ಈಗ್ಲೂ ಉಂಟು. "ಗ್ರೂಪ್ ವರ್ಕ್ ಅಂದ್ರೆ ಒಬ್ಬರಿಗೆ ಕೆಲಸ ಐದು ಜನಕ್ಕೆ ರಜೆ." "ಸರ್ ನೀವೇ ಕಲಿಸಿ, ನಿಮಗೆ ಗೊತ್ತಿದ್ದು ನಮಗೆ ಗೊತ್ತಿಲ್ಲ, ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಕಲಿಸಿ ಎಂತ ಆಗ್ತದೆ." "ಸಂಜೆ ಉಳಿಯಿರಿ ಅಂತಾರೆ, ನಮ್ಮ ಊರಿಗೆ 5.40ರ ಬಸ್ಸು ಹೋದ್ರೆ ಮತ್ತೆ ಇಲ್ಲ." "ವಾಟ್ಸಾಪ್ ಗ್ರೂಪಲ್ಲಿ ನಾನು ಕೇಳಿದ್ದಕ್ಕೆ ಯಾರೂ ರಿಪ್ಲೈ ಮಾಡ್ಲಿಲ್ಲ, ಮತ್ತೆ ನಾನೂ ಸುಮ್ಮನಾದೆ." ಇನ್ನೊಂದು ಚೀಟಿಯಲ್ಲಿ ಬರೇ "ನನಗೆ ಇಷ್ಟ ಆಯ್ತು, ಫ್ರೆಂಡ್ಸ್ ಒಟ್ಟಿಗೆ ಮಲ್ಪೆ ಬೀಚಿಗೆ ಹೋದೆವು" ಅಂತ. ಅದು ಐಸ್ ಪ್ಲಾಂಟಿನ ಗುಂಪಿನವನೇ ಇರ್ಬೇಕು.

ಎರಡು ಮೂರು ಸಲ ಓದಿದಾಗ ಒಂದು ಸಂಗತಿ ಕಂಡಿತು. ಒಟ್ಟಿಗೆ ಕಲಿಯೂದು ಬೇಡ ಅಂತ ಬರೆದವರು ತೀರ ಕಡಿಮೆ. ಸಿಟ್ಟು ಇದ್ದದ್ದು ಮಾರ್ಕ್ ಹಂಚಿದ ರೀತಿಗೆ, ಮತ್ತೆ ಕ್ಲಾಸಿನ ಹೊರಗೆ ಕೆಲಸ ಕೊಟ್ಟದ್ದಕ್ಕೆ. ಆದ್ರೆ ಇದನ್ನು ಎಂತ ಮಾಡೂದು ಅಂತ ನನಗೆ ಆಗ ಹೊಳೀಲಿಲ್ಲ.

ಹೊಳೆಸಿದ್ದು ಚೆಂಡೆ ಬಾರಿಸುವ ಒಬ್ಬ ಹುಡುಗ. ಆಟದ, ಅಂದ್ರೆ ಯಕ್ಷಗಾನದ, ಸೀಸನ್ ಶುರುವಾದ್ರೆ ಇವ ಬೆಳಿಗ್ಗೆ ಫಸ್ಟ್ ಅವರ್ ಪೂರ್ತಿ ನಿದ್ದೆ, ಪ್ರಾಜೆಕ್ಟಿಗೆ ಇವನ ಕೊಡುಗೆ ಸೊನ್ನೆ ಅಂತ ನನಗೆ ಗೊತ್ತಿತ್ತು. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ರ ಗೋಳಿಬಜೆ ತಿನ್ನುವಾಗ ಸಿಕ್ಕಿದ. ಅಲ್ಲ ಮಾರಾಯ, ಆಟದಲ್ಲಿ ರಾತ್ರಿ ಇಡೀ ಕೂತು ಬಾರಿಸ್ತಿಯಲ್ಲ, ಇಲ್ಲಿ ಒಂದು ಸ್ಲೈಡ್ ಮಾಡ್ಲಿಕ್ಕೆ ಆಗ್ಲಿಲ್ವಾ ಅಂತ ಕೇಳಿದೆ. ಅವ ನಾಚಿಕೆ ಮಾಡ್ಕೊಳ್ಳದೆ ಹೇಳಿದ, "ಸರ್, ಆಟದಲ್ಲಿ ಭಾಗವತ್ರು ಪದ ಎತ್ತದಿದ್ರೆ ವೇಷ ಕುಣಿಯೂದಿಲ್ಲ. ನನ್ನ ಪೆಟ್ಟು ತಪ್ಪಿದ್ರೆ ಹಿಂದೆ ಚಾಪೆಯಲ್ಲಿ ಕೂತ ಅಜ್ಜನಿಗೂ ಗೊತ್ತಾಗ್ತದೆ. ನಿಮ್ಮ ಪಿಪಿಟಿಯಲ್ಲಿ ನಾನು ಇಲ್ಲ ಅಂತ ಯಾರಿಗೂ ಗೊತ್ತಾಗ್ಲಿಲ್ಲ."

ಶಿಕ್ಷಣದ ಪುಸ್ತಕಗಳಲ್ಲಿ ಇದನ್ನೇ ಇಬ್ಬರು ಅಣ್ಣತಮ್ಮಂದಿರು ಬರ್ದಿದ್ದಾರೆ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್. ಬರೇ ಒಟ್ಟಿಗೆ ಕೂರಿಸಿದ್ರೆ ಅದು ಸಹಕಾರ ಕಲಿಕೆ ಆಗೂದಿಲ್ಲ, ಒಬ್ಬನ ಕೆಲಸ ಆಗದೆ ಇನ್ನೊಬ್ಬನದ್ದು ಮುಂದೆ ಹೋಗ್ಬಾರ್ದು, ಒಬ್ಬೊಬ್ಬನೂ ತನ್ನ ಪಾಲಿಗೆ ಉತ್ತರ ಕೊಡ್ಬೇಕು, ಎದುರುಬದುರು ಕೂತು ಒಬ್ಬರಿಗೊಬ್ಬರು ಹೇಳಿ ಕೊಡ್ಬೇಕು, ಕೂಡಿ ಕೆಲಸ ಮಾಡುವ ನಯ ಕಲೀಬೇಕು, ಕೊನೆಗೆ ನಮ್ಮ ಗುಂಪು ಹೇಗೆ ನಡೀತು ಅಂತ ಅವರೇ ಮಾತಾಡ್ಬೇಕು, ಹೀಗೆ ಐದು ಸಂಗತಿ. ನಾನು ಮಾಡಿದ್ದರಲ್ಲಿ ಐದರಲ್ಲಿ ಒಂದೂ ಇರ್ಲಿಲ್ಲ. ಇನ್ನೂ ಹಳೇ ಕಥೆ ಉಂಟು, ಫ್ರಾನ್ಸಿನ ರಿಂಗೆಲ್ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಜನರ ಹತ್ರ ಹಗ್ಗ ಎಳೆಸಿ ಲೆಕ್ಕ ಹಾಕಿ 1913ರಲ್ಲಿ ಪ್ರಕಟ ಮಾಡಿದ, ಎಂಟು ಜನ ಒಟ್ಟಿಗೆ ಎಳೆದ್ರೆ ಒಬ್ಬೊಬ್ಬನ ಪಾಲು ಒಬ್ಬನೇ ಎಳೆದಾಗಿನ ಅರ್ಧಕ್ಕೂ ಬರೂದಿಲ್ಲ. ಕೆಸರುಗದ್ದೆಯ ಹಗ್ಗಜಗ್ಗಾಟ ನೋಡಿದವರಿಗೆ ಇದಕ್ಕೆ ಫ್ರಾನ್ಸಿನ ಸಾಕ್ಷಿ ಬೇಡ ಬಿಡಿ.

ಎರಡನೇ ಸಲ

ಈ ಸಲ ನಾಲ್ಕು ತೀರ್ಮಾನ ಮಾಡಿದೆ. ಗುಂಪು ನಾನೇ ಮಾಡೂದು, ಒಂದೊಂದರಲ್ಲೂ ಬೇರೆ ಬೇರೆ ಬಸ್ಸಿನವರು. ಕೆಲಸ ಪೂರ್ತಿ ಕ್ಲಾಸಲ್ಲೇ, ಸಂಜೆ ಉಳಿಯೂದು ಇಲ್ಲ, ವಾಟ್ಸಾಪ್ ಇಲ್ಲ. ಮಾರ್ಕ್ ಅವರವರದ್ದು ಅವರವರಿಗೆ, ಟೆಸ್ಟ್ ಒಬ್ಬೊಬ್ಬರೇ ಕೂತು ಬರೆಯೂದು. ಗುಂಪಲ್ಲಿ ಯಾವ ಭಾಷೆ ಆದ್ರೂ ಅಡ್ಡಿಲ್ಲ, ಬರೆಯೂದು ಮಾತ್ರ ಇಂಗ್ಲಿಷಲ್ಲಿ. ಭಾಷೆಯದ್ದು ನನಗೆ ಸಣ್ಣ ಸಂಗತಿ ಅಂತ ಅನಿಸಿತ್ತು, ಆದ್ರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ.

ಪಾಠ ಓವರ್‌ಹೆಡ್ಸ್, ಅಂದ್ರೆ ಲೈಟಿಂಗ್, ಕ್ಯಾಂಟೀನಿನ ಹಾಗೆ ಎಲ್ಲ ವಿಭಾಗಕ್ಕೂ ಸೇರಿದ ಖರ್ಚನ್ನು ವಿಭಾಗಗಳಿಗೆ ಹಂಚುವ ಲೆಕ್ಕ. ಪದ್ಧತಿ ಜಿಗ್ಸಾ. ಇದು 1971ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ಅಂತ ಮನಶ್ಶಾಸ್ತ್ರಜ್ಞರು ಶುರು ಮಾಡಿದ್ದು, ಅಲ್ಲಿ ಬಿಳಿಯರ, ಕರಿಯರ, ಲ್ಯಾಟಿನೋಗಳ ಮಕ್ಕಳನ್ನು ಒಂದೇ ಶಾಲೆಗೆ ಹಾಕಿದ ಕಾಲ, ಒಂದೇ ಕ್ಲಾಸಲ್ಲಿದ್ರೂ ಮಕ್ಕಳು ಒಬ್ಬರಿಗೊಬ್ಬರು ಸೇರ್ತಿರ್ಲಿಲ್ಲ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬನಿಗೆ ಒಂದೊಂದು ತುಂಡು ಕೊಡೂದು, ಒಂದೇ ತುಂಡು ಸಿಕ್ಕಿದವರೆಲ್ಲ ಸೇರಿ ಅದನ್ನು ಕಲಿಯೂದು (ಇದು ಎಕ್ಸ್‌ಪರ್ಟ್ ಗುಂಪು), ಮತ್ತೆ ತಮ್ಮ ತಮ್ಮ ಗುಂಪಿಗೆ ವಾಪಸ್ ಹೋಗಿ ಉಳಿದವರಿಗೆ ಕಲಿಸೂದು. ಒಬ್ಬ ಕಲಿಸದಿದ್ರೆ ಆ ತುಂಡು ಗುಂಪಿಗೇ ಇಲ್ಲ. ಚೆಂಡೆ ಹುಡುಗ ಹೇಳಿದ್ದೇ ಅಲ್ವಾ.

ನಮ್ಮಲ್ಲಿ 8 ಗುಂಪು, ಒಂದೊಂದರಲ್ಲಿ ಆರು ಜನ, ಓವರ್‌ಹೆಡ್ಸಿನ ಆರು ತುಂಡು. ಮೊದಲ ದಿನ ಗಲಾಟೆಯೋ ಗಲಾಟೆ, ಪಕ್ಕದ ಕ್ಲಾಸಿನ ಸರ್ ಬಂದು ನೋಡಿ ಹೋದ್ರು. ಆದ್ರೆ ಗಲಾಟೆಯೊಳಗೆ "ಅಂಚ ಅತ್ತ್ ಮಾರಾಯ, ಇಂಚ" (ಹಾಗಲ್ಲ ಮಾರಾಯ, ಹೀಗೆ) ಅಂತ ಯಾರೋ ಯಾರಿಗೋ ಕ್ಯಾಂಟೀನ್ ಖರ್ಚನ್ನು ಜನರ ಸಂಖ್ಯೆ ಮೇಲೆ ಯಾಕೆ ಹಂಚ್ಬೇಕು ಅಂತ ತುಳುವಲ್ಲಿ ಹೇಳಿ ಕೊಡ್ತಿದ್ದ, ನಾನು ಇಂಗ್ಲಿಷಲ್ಲಿ ಎರಡು ಸಲ ಹೇಳಿದ್ದು ಅವನಿಗೆ ಹತ್ತಿರ್ಲಿಲ್ಲ. ನನಗೆ ಭಾರಿ ಕುಶಿ. ಕುಶಿ ನಾಲ್ಕು ದಿನ ಉಳೀತು.

ಐದನೇ ದಿನ ಟೆಸ್ಟ್ ಪುಸ್ತಕ ತಿದ್ದಲಿಕ್ಕೆ ಕೂತೆ. ಗುಂಪಲ್ಲಿ ಮಾಡಿದ ಲೆಕ್ಕವನ್ನೇ ಟೆಸ್ಟಿಗೂ ಕೊಟ್ಟಿದ್ದೆ, ಅದು ಇಷ್ಟೇ: ಎ, ಬಿ, ಸಿ, ಡಿ ಅಂತ ನಾಲ್ಕು ವಿಭಾಗ, ಲೈಟಿಂಗ್ ಖರ್ಚು 6,000 ರೂಪಾಯಿ ಹಂಚ್ಬೇಕು. ಲೈಟ್ ಪಾಯಿಂಟ್ 10, 15, 20, 5. ಜಾಗ 2,000, 2,500, 3,000, 2,500 ಚದರ ಅಡಿ. ಲೈಟ್ ಪಾಯಿಂಟ್ ಕೊಟ್ಟಿರುವಾಗ ಲೈಟಿಂಗನ್ನು ಲೈಟ್ ಪಾಯಿಂಟ್ ಮೇಲೇ ಹಂಚ್ಬೇಕು, ಆಗ 1,200, 1,800, 2,400, 600 ಬರ್ತದೆ. ಮಕ್ಕಳು ಜಾಗದ ಮೇಲೆ ಹಂಚಿದ್ರು, 1,200, 1,500, 1,800, 1,500. ಐದು ಲೈಟ್ ಇರುವ ಡಿ ವಿಭಾಗಕ್ಕೆ 1,500 ರೂಪಾಯಿ ಲೈಟಿಂಗ್! ಒಬ್ಬಿಬ್ಬರಲ್ಲ, ಟೆಸ್ಟ್ ಬರೆದ 44ರಲ್ಲಿ 37 ಜನ. ಎಂಟೂ ಗುಂಪಲ್ಲಿ.

ಮಂಡೆ ಬಿಸಿ ಆಯ್ತು. ಮರುದಿನ ಕೂತು ಹಿಂದಿಂದ ಹುಡುಕಿದೆ. ಲೈಟಿಂಗ್ ಇದ್ದ ಮೂರನೇ ತುಂಡಿನ ಎಕ್ಸ್‌ಪರ್ಟ್ ಗುಂಪಲ್ಲಿ ಟಾಪರ್ ಇದ್ಲು. ಅವಳು ಪುಸ್ತಕದ ಒಂದು ಸಾಲ್ವ್ ಮಾಡಿದ ಲೆಕ್ಕ ನೋಡಿದ್ದಾಳೆ, ಅದರಲ್ಲಿ ಲೈಟ್ ಪಾಯಿಂಟ್ ಕೊಟ್ಟಿಲ್ಲ, ಹಾಗಾಗಿ ಜಾಗದ ಮೇಲೆ ಹಂಚಿದ್ದು. ಇವಳು ಲೈಟಿಂಗ್ ಅಂದ್ರೆ ಜಾಗ ಅಂತ ತೀರ್ಮಾನ ಮಾಡಿದ್ಲು. ಟಾಪರ್ ಹೇಳಿದ್ಲು ಅಂದ ಮೇಲೆ ಆಯ್ತು, ಎಂಟು ಜನ ಎಂಟು ಗುಂಪಿಗೆ ಹೋಗಿ ಅದನ್ನೇ ಕಲಿಸಿದ್ರು. ನಾನು ಒಬ್ಬ ಬೋರ್ಡಲ್ಲಿ ತಪ್ಪು ಮಾಡಿದ್ರೆ 48 ಮಕ್ಕಳಲ್ಲಿ ಯಾರಾದ್ರೂ "ಸರ್" ಅಂತಾರೆ. ಇಲ್ಲಿ ತಪ್ಪು ಗೆಳೆಯರ ಬಾಯಲ್ಲಿ, ಅವರದ್ದೇ ಭಾಷೆಯಲ್ಲಿ, ಚಂದ ಅರ್ಥ ಆಗುವ ಹಾಗೆ ಹೋಗಿ ಕೂತಿತ್ತು.

ಇದಕ್ಕಿಂತ ದೊಡ್ಡ ತಪ್ಪು ನನ್ನದು. ಮಕ್ಕಳು ತಾವೇ ಚೆಕ್ ಮಾಡ್ಕೊಳ್ಳಲಿ ಅಂತ ಬೋರ್ಡಿನ ಮೂಲೆಯಲ್ಲಿ "ಎ ವಿಭಾಗದ ಲೈಟಿಂಗ್ 1,200" ಅಂತ ಬರ್ದಿದ್ದೆ. ಮೇಲೆ ನೋಡಿ, ಯಾವ ದಾರಿಯಲ್ಲಿ ಹೋದ್ರೂ ಎ ವಿಭಾಗಕ್ಕೆ 1,200 ಬರ್ತದೆ. ತಪ್ಪು ಮಾಡಿದ ಗುಂಪು ಬೋರ್ಡ್ ನೋಡಿ, ಹಾ ಸರಿ ಉಂಟು ಅಂತ ಮುಂದೆ ಹೋಯ್ತು. ಲೆಕ್ಕ ಕಟ್ಟುವಾಗ ನಾನದನ್ನು ಗಮನಿಸಿಯೇ ಇರ್ಲಿಲ್ಲ.

ಉಳಿದ ಏಳರಲ್ಲಿ ಸರಿ ಬರ್ದವರು ಯಾರು? ಮೂರು ಜನ ಕ್ಯಾಟರಿಂಗ್ ಹುಡುಗರು. ಈ ಕಡೆಯವರಿಗೆ ಹೇಳ್ಬೇಕಂತ ಇಲ್ಲ, ಮದುವೆ ಸೀಸನ್ ಬಂದ್ರೆ ಹಾಲಲ್ಲಿ ಬಡಿಸಲಿಕ್ಕೆ ಹೋಗಿ ಕೈಖರ್ಚು ಮಾಡ್ಕೊಳ್ಳುವ ಮಕ್ಕಳು ಪ್ರತಿ ಕ್ಲಾಸಲ್ಲೂ ಇರ್ತಾರೆ. ಜಿಗ್ಸಾ ದಿನ ಒಳ್ಳೆ ಮುಹೂರ್ತ ಇತ್ತಂತೆ, ಮೂವರೂ ಆಬ್ಸೆಂಟ್. ಯಾರೂ ಅವರಿಗೆ ಕಲಿಸ್ಲಿಲ್ಲ, ಹಾಗಾಗಿ ತಲೆ ಉಪಯೋಗಿಸಿದ್ರು. ಲೈಟಿನ ಖರ್ಚು ಲೈಟಿಗೆ ಅಲ್ವಾ ಸರ್ ಅಂತ ಒಬ್ಬ ಹೇಳಿದ. ಪುಸ್ತಕ ವಾಪಸ್ ಕೊಟ್ಟಾಗ ಹಿಂದಿನ ಬೆಂಚಿಂದ "ಸರ್, ಕ್ಲಾಸಿಗೆ ಬಾರದ್ದೇ ಒಳ್ಳೇದು" ಅಂತ ಬಂತು, ಇಡೀ ಕ್ಲಾಸ್ ನಗಾಡ್ತು, ನಾನೂ.

ಮತ್ತೊಂದು ಪುಸ್ತಕ ನೋಡಿ ಮಾತ್ರ ನಗು ಬರ್ಲಿಲ್ಲ. ಬೈಂದೂರು ಕಡೆಯ ಒಬ್ಬಳು ಹುಡುಗಿ, ಇಡೀ ವರ್ಷ ಅವಳ ಸ್ವರ ಕೇಳಿದ್ದು ಅಟೆಂಡೆನ್ಸ್ ಕೂಗುವಾಗ ಮಾತ್ರ. ಅದೇ ಎಕ್ಸ್‌ಪರ್ಟ್ ಗುಂಪಲ್ಲಿ ಇದ್ದವಳು. ಅವಳ ನೋಟ್ಸಿನ ಪುಟದಲ್ಲಿ ಡಿ ವಿಭಾಗದ ಎದುರು ಪೆನ್ಸಿಲಲ್ಲಿ 600 ಅಂತ ಉಂಟು. ಅದಕ್ಕೊಂದು ಗೀಟು. ಮೇಲೆ ನೀಲಿ ಪೆನ್ನಲ್ಲಿ 1,500. ಟೆಸ್ಟಲ್ಲೂ 1,500. ಯಾಕೆ ಹೇಳ್ಲಿಲ್ಲ ಅಂತ ಕೇಳಿದೆ. ಸುಮಾರು ಹೊತ್ತು ಕಳೆದು, "ಅವ್ಳ್ ಹೇಳಿದ್ ಮೇಲೆ ನಾ ಎಂತ ಹೇಳೂದ್ ಸರ್" ಅಂದ್ಲು.

ಇಡೀ ಪ್ರಕರಣ ತಿರುಗಿದ್ದು ಈ ಪುಟದಲ್ಲಿ. ಅಲ್ಲಿ ವರೆಗೆ ನನ್ನ ತಲೇಲಿ ಇದ್ದದ್ದು ಕೆಲಸ ಕದಿಯುವವರನ್ನು ಹಿಡಿಯೂದು ಹೇಗೆ ಅಂತ ಮಾತ್ರ. ಗೊತ್ತಿದ್ದೂ ನುಂಗಿಕೊಂಡವರ ಬಗ್ಗೆ ಯೋಚನೆಯೇ ಮಾಡಿರ್ಲಿಲ್ಲ.

ಮತ್ತೆ ಎಂತ ಬದಲಾಯಿಸಿದ್ದು

ಬಿಟ್ಟು ಬಿಡುವ ಅಂತ ಒಂದು ದಿನ ಅನಿಸಿದ್ದು ನಿಜ, ಬೋರ್ಡಲ್ಲಿ ನಾನೇ ಮಾಡಿದ್ರೆ ಎರಡು ಗಂಟೆಯ ಕೆಲಸ. ಆದ್ರೆ ತುಳುವಲ್ಲಿ ಕ್ಯಾಂಟೀನ್ ಖರ್ಚು ಹೇಳಿ ಕೊಟ್ಟ ಹುಡುಗ ನೆನಪಾದ. ಬಿಡ್ಲಿಲ್ಲ.

ಮುಂದಿನ ಪಾಠಕ್ಕೆ ಮೂರು ಸಂಗತಿ ಸೇರಿಸಿದೆ. ಗುಂಪಲ್ಲಿ ಬಾಯಿ ತೆರೆಯುವ ಮೊದ್ಲು ಹತ್ತು ನಿಮಿಷ ಒಬ್ಬೊಬ್ಬರೇ ಲೆಕ್ಕ ಮಾಡ್ಬೇಕು, ಪೆನ್ನಲ್ಲಿ, ಪೆನ್ಸಿಲ್ ಬಂದ್. ಉತ್ತರ ಬೇರೆ ಬೇರೆ ಬಂದ್ರೆ ಅಳಿಸೂದಲ್ಲ, ಗುಂಪಿನ ಶೀಟಲ್ಲಿ ಎರಡೂ ಬರೀಬೇಕು, ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು. ಮತ್ತೆ ಪ್ರತಿ ದಿನ ಒಬ್ಬನಿಗೆ ಬರೇ ಎದುರು ಮಾತಾಡುವ ಕೆಲಸ, ಟಾಪರ್ ಹೇಳಿದ್ರೂ "ಅದು ಯಾಕೆ ಹಾಗೆ" ಅಂತ ಕೇಳ್ಲೇಬೇಕು. ಚೆಂಡೆ ಹುಡುಗ ಅದಕ್ಕೆ ತಾಳಮದ್ದಳೆಯ (ವೇಷ ಇಲ್ಲದೆ ಕೂತು ಮಾತಲ್ಲೇ ವಾದ ಮಾಡುವ ಯಕ್ಷಗಾನ) ಎದುರು ಅರ್ಥ ಅಂತ ಹೆಸರಿಟ್ಟ, ಎದುರಿನವ ಸುಮ್ಮನೆ ಹೂಂಗುಟ್ಟಿದ್ರೆ ಕೂಟ ಎಲ್ಲಿ ಏರ್ತದೆ ಅಂತ. ಆ ಹೆಸರೇ ಉಳೀತು. ಕೇಳೂದು ಡ್ಯೂಟಿ ಅಂತ ಆದ ಮೇಲೆ ಕೇಳಿದವರನ್ನು ಅಧಿಕಪ್ರಸಂಗಿ ಅಂತ ಯಾರೂ ಅನ್ಲಿಲ್ಲ. ಬೈಂದೂರಿನವಳ ಸರದಿ ಬಂದ ದಿನ ನಾನು ದೂರ ನಿಂತು ನೋಡಿದೆ, ಮೊದಲ ಹತ್ತು ನಿಮಿಷ ಇಲ್ಲ, ಮತ್ತೆ ಶೀಟನ್ನು ತನ್ನ ಕಡೆ ಎಳ್ಕೊಂಡು ಬೆರಳಲ್ಲಿ ತೋರಿಸಿ ಎಂತದೋ ಕೇಳಿದ್ಲು. ಎಂತ ಅಂತ ನನಗೆ ಕೇಳಿಸ್ಲಿಲ್ಲ. ಟಾಪರ್ ಪುಸ್ತಕ ತೆಗೆದು ನೋಡಿದ್ದು ಕಂಡಿತು.

ಮಾರ್ಕಿನದ್ದೂ ಸ್ವಲ್ಪ ತಿದ್ದಿದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲಾವಿನ್ ಅವರ ಪದ್ಧತಿಯಲ್ಲಿ ಬೇರೆಯವರಿಗಿಂತ ಎಷ್ಟು ಹೆಚ್ಚು ಅಂತ ಅಲ್ಲ, ಅವನವನ ಹಿಂದಿನ ಮಾರ್ಕಿಗಿಂತ ಎಷ್ಟು ಏರಿದ ಅಂತ ನೋಡಿ ಗುಂಪಿಗೆ ಅಂಕ ಕೊಡ್ತಾರೆ. ನಾನು ಅದನ್ನು ನಮ್ಮ ಲೆವೆಲ್ಲಿಗೆ ಇಳಿಸಿ, ಆರೂ ಜನ ತಮ್ಮ ಹಿಂದಿನ ಟೆಸ್ಟಿಗಿಂತ ಏರಿದ್ರೆ ಎಲ್ಲರಿಗೂ ಒಂದು ಮಾರ್ಕ್ ಬೋನಸ್ ಅಂತ ಇಟ್ಟೆ. ಒಂದೇ ಮಾರ್ಕ್. ಆದ್ರೂ ಕ್ಯಾಟರಿಂಗ್ ಹುಡುಗರಿಗೆ "ಮಾರಾಯ ನಾಳೆ ಬಾ" ಅಂತ ಹಿಂದಿನ ರಾತ್ರಿ ಫೋನ್ ಹೋಗ್ಲಿಕ್ಕೆ ಶುರುವಾಯ್ತು, ನನ್ನ ಅಟೆಂಡೆನ್ಸ್ ಶಾರ್ಟೇಜ್ ನೋಟಿಸಿಗೆ ಹೆದರದವರು ಅದಕ್ಕೆ ಬಂದ್ರು. ಆದ್ರೆ ಆ ಫೋನಲ್ಲಿ ಒತ್ತಡವೂ ಉಂಟು. ಒಬ್ಬ ಹುಡುಗ ಬಂದು ನನ್ನಿಂದ ಇವರ ಮಾರ್ಕ್ ಹೋಗ್ತದೆ ಸರ್, ನನ್ನನ್ನು ಬಿಡಿ ಅಂದ. ಅವನನ್ನು ಬೋನಸ್ ಲೆಕ್ಕದಿಂದ ಹೊರಗಿಟ್ಟು ಗುಂಪಲ್ಲೇ ಉಳಿಸಿದೆ. ಅದು ಸರಿಯಾ ತಪ್ಪಾ, ಈಗ್ಲೂ ಯೋಚನೆ ಮಾಡ್ತೇನೆ.

ಕೊನೆಗೆ ಮಕ್ಕಳು ಎಂತ ಹೇಳಿದ್ರು

ಸೆಮಿಸ್ಟರ್ ಮುಗಿಯುವಾಗ ಮತ್ತೆ ಚೀಟಿ. ಈ ಸಲ ಬೈಗುಳ ಬೇರೆ ನಮೂನೆಯದ್ದು. "ಒಂದು ಚಾಪ್ಟರಿಗೆ ಇಷ್ಟು ದಿನ ಯಾಕೆ, ಕೊನೇ ಚಾಪ್ಟರ್ ಓಡಿಸಿದ್ರಿ." ಇದು ಅಪ್ಪಟ ಸತ್ಯ. ಓವರ್‌ಹೆಡ್ಸಿಗೆ 12 ಗಂಟೆ ಇಟ್ಟದ್ದು 17 ಆಯ್ತು, ಕೊನೆಯ ಯೂನಿಟ್ ನಾನು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಓಡಿಸಿದೆ. ಯೂನಿವರ್ಸಿಟಿ ಪರೀಕ್ಷೆಯಲ್ಲಿ ಪಕ್ಕದವನಿಗೆ ಹೇಳಿ ಕೊಟ್ಟದ್ದಕ್ಕೆ ಮಾರ್ಕ್ ಇಲ್ಲ, ಕೊನೆಯ ಯೂನಿಟ್ಟಿಂದ ಪ್ರಶ್ನೆ ಮಾತ್ರ ಉಂಟು, ಆ ಸಿಟ್ಟು ನ್ಯಾಯವೇ. "ಸರ್ ಹೇಳಿದ್ರೆ ನಂಬ್ತೇನೆ, ಫ್ರೆಂಡ್ ಹೇಳಿದ್ರೆ ಚೆಕ್ ಮಾಡ್ತೇನೆ" ಅಂತ ಒಂದು ಚೀಟಿ. ದೂರಾಗಿ ಬರೆದದ್ದು ಅಂತ ಕಾಣ್ತದೆ, ನನಗೆ ಅದು ಹೊಗಳಿಕೆಯ ಹಾಗೆ ಕೇಳಿತು. "ಇಂಗ್ಲಿಷಲ್ಲಿ ಡೌಟ್ ಕೇಳ್ಲಿಕ್ಕೆ ಆಗೂದಿಲ್ಲ ಅಂತ ಎರಡು ವರ್ಷದಿಂದ ಕೇಳ್ಲೇ ಇಲ್ಲ, ಗ್ರೂಪಲ್ಲಿ ನಮ್ಮ ಭಾಷೆಯಲ್ಲಿ ಕೇಳಿದೆ" ಅನ್ನುವ ಅರ್ಥದ್ದು ಏಳೆಂಟು ಚೀಟಿ ಇದ್ದವು, ಅಕ್ಷರ ನೋಡಿದ್ರೆ ಬೇರೆ ಬೇರೆಯವರದ್ದು.

ಟಾಪರ್ ಚೀಟಿ ಹಾಕ್ಲಿಲ್ಲ, ನೇರ ಬಂದು ಹೇಳಿದ್ಲು. "ಸರ್, ನನಗೆ ಇದರಿಂದ ಹೆಚ್ಚಿಗೆ ಎಂತ ಸಿಕ್ಕಿತು ಅಂತ ನನಗೆ ಅನಿಸೂದಿಲ್ಲ. ಆದ್ರೆ ಮೊದಲಿನ ಹಾಗೆ ನಷ್ಟ ಆಗ್ಲಿಲ್ಲ." ಕಲಿಸಿದವ ಹೆಚ್ಚು ಕಲೀತಾನೆ ಅಂತ ಪುಸ್ತಕದ ಮಾತು ಹೇಳ್ಲಿಕ್ಕೆ ಬಾಯಿ ತೆರೆದವ ಮುಚ್ಚಿದೆ. ಅವಳ ಅನುಭವ ಅವಳದ್ದು. ಆ ಲೈಟಿಂಗಿನ ಲೆಕ್ಕ ಇನ್ನು ಜನ್ಮದಲ್ಲಿ ಮರೆಯೂದಿಲ್ಲ ಸರ್ ಅಂತ ಹೋಗುವಾಗ ಹೇಳಿದ್ಲು, ಅದು ಬೇರೆ.

ಬೆಂಚು ಮಾತ್ರ ಬದಲಾಗ್ಲಿಲ್ಲ. ಗುಂಪಿನ ಹೊತ್ತು ಮುಗಿದ ಕೂಡ್ಲೇ ಕುಂದಾಪುರದವರು ಕಿಟಕಿಗೆ, ಕಾಪುವಿನವರು ಬಾಗಿಲಿಗೆ. ಹೆಸರು ಗೊತ್ತಾಯ್ತು, ಅಷ್ಟೇ. ನ್ಯಾಕ್ ಫೈಲಿನಲ್ಲಿರುವ ಫೋಟೋದಲ್ಲಿ ಎಲ್ಲರೂ ದುಂಡಗೆ ಕೂತು ಒಬ್ಬರ ಮುಖ ಒಬ್ಬರು ನೋಡ್ತಿದ್ದಾರೆ. ಆ ದಿನ ಪಾಠ ಎಂತದೂ ಆಗಿರ್ಲಿಲ್ಲ, ಫೋಟೋಗೆ ಅಂತಲೇ ಕೂರಿಸಿದ್ದು.

ಈಗ ಹೊಸ ಬ್ಯಾಚ್, ಅದೇ ಓವರ್‌ಹೆಡ್ಸ್, ಮೊನ್ನೆ ಶುರು ಮಾಡಿದೆ. ಲೆಕ್ಕ ಬದಲಾಯಿಸ್ಲಿಲ್ಲ, ಬೇಕಂತಲೇ. ಬೋರ್ಡಿನ ಮೂಲೆಯಲ್ಲಿ ಎ ವಿಭಾಗದ ಉತ್ತರ ಬರೆಯುವ ಬದ್ಲು ಡಿ ವಿಭಾಗದ್ದು 600 ಅಂತ ಬರ್ದೆ. ಎರಡು ನಿಮಿಷ ಆಗಿರ್ಲಿಕ್ಕಿಲ್ಲ, ಮುಂದಿನ ಬೆಂಚಿನ ಒಬ್ಬ ಕೈ ಎತ್ತಿ ಕೇಳಿದ, ಸರ್, ಎ ದ್ದು ಎಷ್ಟು ಬರ್ಬೇಕು?